ಗುಡ್‌ಇನಫ್ ಅವರನ್ನು ಕೆಲಸದಿಂದ ನೆನೆಯೋಣ

ಮಾನ್ಯ ಸಂಪಾದಕರೇ,

ನೂರು ವರ್ಷ ಬಾಳಿ 2023ರ ಜೂನ್ 25ರಂದು ತೀರಿಕೊಂಡ, ಫೋನುಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿಗೆ ದಾರಿ ಮಾಡಿಕೊಟ್ಟ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ಬಗ್ಗೆ ಬರೆಯುವವರೆಲ್ಲ 97ನೇ ವಯಸ್ಸಿನಲ್ಲಿ ಬಂದ ನೊಬೆಲ್ ಬಹುಮಾನವನ್ನು ತಪ್ಪದೆ ಹೇಳುತ್ತಾರೆ. ಬಹುಮಾನ ಬಂದ ಕೆಲಸದ ವಿವರ ಮಾತ್ರ ಒಂದು ಸಾಲಿಗೆ ಮುಗಿಯುತ್ತದೆ.

1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ರೂಪಿಸಿದ ಲಿಥಿಯಂ ಬ್ಯಾಟರಿಯ ಧನಾಗ್ರ ಟೈಟಾನಿಯಂ ಡೈಸಲ್ಫೈಡ್, ಋಣಾಗ್ರ ಲಿಥಿಯಂ ಲೋಹ. ಸಿಗುತ್ತಿದ್ದುದು ಎರಡು ವೋಲ್ಟ್‌ಗಿಂತ ತುಸು ಹೆಚ್ಚು. ಚಾರ್ಜ್ ಮಾಡಿದಂತೆಲ್ಲ ಲೋಹದ ಮೇಲೆ ಸೂಜಿಯಂಥ ಎಳೆಗಳು ಬೆಳೆದು, ನಡುವಿನ ಪರದೆಯನ್ನು ತೂರಿ, ಶಾರ್ಟ್ ಆಗಿ ಬೆಂಕಿ ಹತ್ತುತ್ತಿತ್ತು. ಸಲ್ಫೈಡ್ ಬಿಟ್ಟು ಆಕ್ಸೈಡ್ ಬಳಸಿದರೆ ವೋಲ್ಟೇಜ್ ಏರಬೇಕೆಂದು ಗುಡ್‌ಇನಫ್ ತರ್ಕಿಸಿದರು. 1980ರಲ್ಲಿ ಆಕ್ಸ್‌ಫರ್ಡ್‌ನ ಅವರ ತಂಡದ ಲಿಥಿಯಂ ಕೋಬಾಲ್ಟ್ ಆಕ್ಸೈಡ್ 4 ವೋಲ್ಟ್ ಕೊಟ್ಟಿತು. ಬ್ಯಾಟರಿ ತಂತ್ರಜ್ಞರಾದ ನಮ್ಮ ಮಟ್ಟಿಗೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ: ಲಿಥಿಯಂ ಧನಾಗ್ರದೊಳಗೇ ಇರುವುದರಿಂದ ಬ್ಯಾಟರಿಯನ್ನು ಖಾಲಿಯಾಗಿಯೇ ಜೋಡಿಸಿ ಆಮೇಲೆ ಚಾರ್ಜ್ ಮಾಡಬಹುದು, ಋಣಾಗ್ರಕ್ಕೆ ಲಿಥಿಯಂ ಲೋಹ ಬೇಕಿಲ್ಲ. ಅಲ್ಲಿ ಅಕಿರಾ ಯೊಶಿನೊ ಇಂಗಾಲ ಇಟ್ಟರು. 1991ರಲ್ಲಿ ಸೋನಿ ಈ ಬಗೆಯ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು.

ಚಾರ್ಜ್ ಮಾಡುವಾಗ ಕೋಬಾಲ್ಟ್ ಆಕ್ಸೈಡಿನಿಂದ ಸುಮಾರು ಅರ್ಧದಷ್ಟು ಲಿಥಿಯಂ ಮಾತ್ರ ತೆಗೆಯಬಹುದು. ಮೀರಿದರೆ ಅದರ ಪದರಗಳು ಕೆಡುತ್ತವೆ, ಬಿಸಿ ಏರಿದಾಗ ಆಮ್ಲಜನಕ ಹೊರಬರುತ್ತದೆ; ಪಕ್ಕದಲ್ಲೇ ಇರುವುದು ಲಿಥಿಯಂ ಸಾಗುವ, ಬೆಂಕಿ ಹತ್ತಬಲ್ಲ ದ್ರಾವಣ. ಚಾರ್ಜರ್ ಸೆಲ್ಲಿಗೆ 4.2 ವೋಲ್ಟ್ ಮುಟ್ಟಿದೊಡನೆ ಅಲ್ಲೇ ಹಿಡಿದು ಕರೆಂಟ್ ಇಳಿಸುವುದು ಇದಕ್ಕೇ. ಫೋನಿನ ಕೊನೆಯ ಭಾಗ ನಿಧಾನವಾಗಿ ತುಂಬುತ್ತದೆಂದು ದೂರುವವರು ಇದನ್ನು ತಿಳಿದಿರಬೇಕು. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಲಿಥಿಯಂ ಇಂಗಾಲದೊಳಗೆ ಇಳಿಯದೆ ಮೇಲೆಯೇ ಲೋಹವಾಗಿ ಕೂರುತ್ತದೆ, ಅದೇ ಎಳೆಗಳು ಮತ್ತೆ ಹುಟ್ಟುತ್ತವೆ.

ಮುಂದೆ ಟೆಕ್ಸಾಸ್‌ನಲ್ಲಿ ಗುಡ್‌ಇನಫ್ ಅವರ ತಂಡ ಕಂಡುಕೊಂಡ ಇನ್ನೊಂದು ಧನಾಗ್ರ ವಸ್ತು ಲಿಥಿಯಂ ಐರನ್ ಫಾಸ್ಫೇಟ್ ಈ ಭಯವನ್ನು ಬಹಳ ತಗ್ಗಿಸಿತು. ಅದರಲ್ಲಿ ರಂಜಕ (ಫಾಸ್ಫರಸ್) ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ಆದರೆ ವೋಲ್ಟೇಜ್ 3.2ರ ಆಸುಪಾಸು, ವಿದ್ಯುತ್ ಹರಿಯುವುದೂ ಕಷ್ಟ. ಹಾಗಾಗಿ ಪುಡಿಯನ್ನು ನುಣ್ಣಗೆ ಮಾಡಿ ಇಂಗಾಲ ಲೇಪಿಸುತ್ತಾರೆ. ಈ ಸೆಲ್ಲಿಗೆ ಚಾರ್ಜಿನ ಮಿತಿ 3.65 ವೋಲ್ಟ್. 4.2ರ ಚಾರ್ಜರ್ ಹಾಕಿ ಹಾಳುಮಾಡುವವರು ಈಗಲೂ ಇದ್ದಾರೆ.

ಈ ಫಾಸ್ಫೇಟನ್ನು ವರದಿ ಮಾಡಿದ 1997ರ ಪ್ರಬಂಧದ ಲೇಖಕರಲ್ಲಿ ಮೊದಲು ಪಾಧಿ, ನಂಜುಂಡಸ್ವಾಮಿ, ಕೊನೆಗೆ ಗುಡ್‌ಇನಫ್. ಕೋಬಾಲ್ಟ್ ಆಕ್ಸೈಡಿನ 1980ರ ಪ್ರಬಂಧದಲ್ಲಿ ಮಿಜುಶಿಮಾ ಮೊದಲು, ಅಲ್ಲೂ ಇವರು ಕೊನೆಗೆ. ಮುಂದೆ ಅವರ ಬಗ್ಗೆ ಬರೆಯುವಾಗ ಪತ್ರಿಕೆಯು ಈ ಹೆಸರುಗಳನ್ನೂ ಸೇರಿಸಲಿ ಎಂದು ಕೋರುತ್ತೇವೆ.

– ಬ್ಯಾಟರಿ ತಂತ್ರಜ್ಞರು