ಬಿಟ್ಟುಬಿಡು ಎಂದವರು ಹೇಡಿಗಳಲ್ಲ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಸಿಗ್ನಲ್ ಮುರಿದು ಓಡಿದ ಕಾರನ್ನು ನೀನು ಬೆನ್ನಟ್ಟಿದ್ದು, ಇನ್ನೇನು ಸಿಕ್ಕೇಬಿಟ್ಟ ಎನ್ನುವಾಗ ವೈರ್‌ಲೆಸ್‌ನಲ್ಲಿ ‘ಬಿಟ್ಟುಬಿಡು, ವಾಪಸು ಬಾ’ ಎಂಬ ಆದೇಶ ಬಂದದ್ದು, ಠಾಣೆಯಲ್ಲಿ ತಲೆಯೆತ್ತಲಾಗದಂತೆ ಆದದ್ದು, ಎಲ್ಲವನ್ನೂ ಬರೆದಿದ್ದೀಯ. ನಿನ್ನ ಸಿಟ್ಟು ಸಹಜ. ಆದರೂ ನಿನ್ನ ಮೇಲಧಿಕಾರಿ ಮಾಡಿದ್ದೇ ಸರಿ ಎನ್ನುತ್ತೇನೆ. ಬೇಸರಪಡದೆ ಓದು.

ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 33 ಮೀಟರ್ ಓಡುತ್ತದೆ. ಅಪಾಯ ಕಣ್ಣಿಗೆ ಬಿದ್ದು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ವೇಗ 60ರಿಂದ 120ಕ್ಕೆ ಏರಿದರೆ, ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಎಂಥ ನುರಿತ ಚಾಲಕನಿಗೂ ಈ ಲೆಕ್ಕ ಬಗ್ಗುವುದಿಲ್ಲ. ಸಾಲದ್ದಕ್ಕೆ ಬೆನ್ನಟ್ಟುವವನ ಕಣ್ಣು ಮುಂದಿನ ಗಾಡಿಗೆ ಅಂಟಿಕೊಂಡುಬಿಡುತ್ತದೆ. ಅಕ್ಕಪಕ್ಕದ ರಸ್ತೆ ಕಾಣುವುದೇ ಇಲ್ಲ. ಈಗ ಅಡ್ಡರಸ್ತೆಯಲ್ಲಿ ಹಸಿರು ದೀಪ ನೋಡಿ ಬರುತ್ತಿರುವ ಹೆಣ್ಣುಮಗಳೊಬ್ಬಳನ್ನು ನೆನೆದುಕೋ. ಕಿಟಕಿಯ ಗಾಜು ಏರಿಸಿದೆ, ಒಳಗೆ ಹಾಡು ನಡೆಯುತ್ತಿದೆ. ನಿನ್ನ ಸೈರನ್ ಕೇಳಿಸಿದರೂ ಅವಳು ಹುಡುಕುವುದು ಸದ್ದು ಮಾಡುವ ನಿನ್ನ ಗಾಡಿಯನ್ನು. ಸೈರನ್ನೂ ಇಲ್ಲದೆ, ಬಣ್ಣದ ದೀಪವೂ ಇಲ್ಲದೆ ನಿನಗಿಂತ ಮುಂದೆ ನುಗ್ಗಿ ಬರುವವನ ಸುಳಿವು ಅವಳಿಗೆಲ್ಲಿ ಸಿಗಬೇಕು?

ಹಾಗೆಂದು ಯಾರನ್ನೂ ಬೆನ್ನಟ್ಟಲೇಬಾರದು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಮಗುವನ್ನು ಅಪಹರಿಸಿ ಒಯ್ಯುತ್ತಿರುವವನನ್ನು, ಒಬ್ಬನಿಗೆ ಗುಂಡು ಹೊಡೆದು ಇನ್ನೊಬ್ಬನ ಕಡೆಗೆ ಹೊರಟವನನ್ನು ಬಿಟ್ಟು ಕಳಿಸುವುದು ಕರ್ತವ್ಯಲೋಪವೇ. ಅಂಥ ಕಡೆ ಕಲಿತದ್ದನ್ನೆಲ್ಲ ಬಳಸಿ ಹೋಗು.

ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಬಂದ ‘ಸ್ಕಾಟ್ ವಿರುದ್ಧ ಹ್ಯಾರಿಸ್’ ಮೊಕದ್ದಮೆಯನ್ನು ನೀನು ಓದಬೇಕು. 2001ರಲ್ಲಿ ಜಾರ್ಜಿಯಾದಲ್ಲಿ 19 ವರ್ಷದ ಹುಡುಗನೊಬ್ಬ 55 ಮೈಲಿ ಮಿತಿಯ ರಸ್ತೆಯಲ್ಲಿ 73 ಮೈಲಿ ವೇಗದಲ್ಲಿ ಹೋಗುತ್ತಿದ್ದ. ನಿಲ್ಲಿಸೆಂದರೆ ನಿಲ್ಲಿಸಲಿಲ್ಲ, ಓಡಿದ. ಕೊನೆಗೆ ಪೊಲೀಸ್ ಅಧಿಕಾರಿ ತನ್ನ ಗಾಡಿಯಿಂದ ಅವನ ಕಾರಿನ ಹಿಂಭಾಗಕ್ಕೆ ಗುದ್ದಿದರು. ಕಾರು ಉರುಳಿತು, ಹುಡುಗನ ಕೈಕಾಲುಗಳು ಸ್ವಾಧೀನ ಕಳೆದುಕೊಂಡವು. 2007ರಲ್ಲಿ ನ್ಯಾಯಾಲಯ ಎಂಟಕ್ಕೆ ಒಂದು ಬಹುಮತದಿಂದ ಅಧಿಕಾರಿಯ ಪರ ನಿಂತಿತು. ಹುಚ್ಚಾಪಟ್ಟೆ ಓಡಿಸಿದವರನ್ನೆಲ್ಲ ಬಿಟ್ಟುಬಿಡಬೇಕು ಎಂಬ ನಿಯಮವಾದರೆ, ತಪ್ಪಿಸಿಕೊಳ್ಳಲು ಇನ್ನಷ್ಟು ಹುಚ್ಚಾಗಿ ಓಡಿಸಿದರೆ ಸಾಕು ಎಂದಾಗುತ್ತದೆ ಎಂಬುದು ಅದರ ವಾದ. ಈ ವಾದದಲ್ಲಿ ಹುರುಳಿದೆ. ಒಬ್ಬರೇ ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಟೀವನ್ಸ್, ಕಾರಿನ ನಂಬರ್ ಗೊತ್ತಿತ್ತಲ್ಲ, ಆಮೇಲೆ ಹಿಡಿಯಬಹುದಿತ್ತಲ್ಲ ಎಂದರು. ನನ್ನ ಮನಸ್ಸು ಅವರ ಕಡೆಗೇ ಇದೆ. ಗುದ್ದಿದ್ದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು ಕೋರ್ಟ್. ಅದು ಅಗತ್ಯವಾಗಿತ್ತೇ ಎಂಬುದು ಬೇರೆಯೇ ಪ್ರಶ್ನೆ.

2023ರಲ್ಲಿ ಅಲ್ಲಿನ ‘ಪೊಲೀಸ್ ಎಕ್ಸಿಕ್ಯುಟಿವ್ ರಿಸರ್ಚ್ ಫೋರಂ’ ಎಂಬ ಸಂಸ್ಥೆಯೂ ಹಿಂಸಾತ್ಮಕ ಅಪರಾಧ ನಡೆದಿದ್ದು, ಜೊತೆಗೆ ಓಡುವವನು ಮತ್ತೆ ಅಂಥದ್ದನ್ನೇ ಈಗಲೇ ಮಾಡುವ ಅಪಾಯವಿದ್ದರೆ ಮಾತ್ರ ಬೆನ್ನಟ್ಟಿ ಎಂದು ಶಿಫಾರಸು ಮಾಡಿತು. ಆಕಾಶದಿಂದ ಕಣ್ಣಿಡಲು ಹೆಲಿಕಾಪ್ಟರ್ ಇದೆ, ಓಡುವ ಕಾರಿಗೆ ಅಂಟುವ ಜಿಪಿಎಸ್ ಸಾಧನಗಳು ಬಂದಿವೆ. ಟೈರಿನ ಗಾಳಿ ತೆಗೆಯುವ ಮುಳ್ಳುಪಟ್ಟಿಯೂ ಉಂಟು, ಆದರೆ ಅದನ್ನು ಹಾಸಲು ರಸ್ತೆಗಿಳಿದ ಪೊಲೀಸರೇ ಪ್ರಾಣ ಕಳೆದುಕೊಂಡಿದ್ದಾರೆ. ಅದನ್ನು ಹಗುರವಾಗಿ ನೋಡಬೇಡ.

ನಿನ್ನ ಪ್ರಕರಣದಲ್ಲಿ ಅವನು ಮಾಡಿದ್ದೆಂದು ನಿನಗೆ ಗೊತ್ತಿದ್ದದ್ದು ಸಿಗ್ನಲ್ ಮುರಿದದ್ದೊಂದೇ. ಏನೂ ಇಲ್ಲದೆ ಯಾಕೆ ಓಡುತ್ತಾನೆ ಎಂದು ನೀನು ಕೇಳುತ್ತೀಯ. ಹೆದರಿಕೆಗೆ ಓಡುವವರಿದ್ದಾರೆ, ಕುಡಿದಿದ್ದಕ್ಕೆ, ಲೈಸೆನ್ಸ್ ಇಲ್ಲದ್ದಕ್ಕೆ ಓಡುವವರಿದ್ದಾರೆ. ಊಹೆಯ ಮೇಲೆ ಕಂಡವರ ಪ್ರಾಣ ಪಣಕ್ಕಿಡುವ ಅಧಿಕಾರ ನಿನಗಿಲ್ಲ, ಮಗನೇ. ಕಂಟ್ರೋಲ್ ರೂಮಿನಲ್ಲಿ ಕುಳಿತವರಿಗೆ ನಿನ್ನ ರಕ್ತದ ಬಿಸಿ ತಟ್ಟಿರುವುದಿಲ್ಲ. ನಿಲ್ಲಿಸು ಎನ್ನುವ ಅಧಿಕಾರ ಅವರ ಕೈಯಲ್ಲಿರುವುದು ಅದಕ್ಕೇ.

ನಾಳೆ ಆ ಅಧಿಕಾರಿಯ ಬಳಿ ಹೋಗು. ದೂರಬೇಡ. ಆ ಹೊತ್ತಿನ ವಾಹನ ಸಂಚಾರ, ರಸ್ತೆಯ ಸ್ಥಿತಿ, ನಿನ್ನ ದನಿಯಲ್ಲಿದ್ದ ಆವೇಗ, ಇವುಗಳಲ್ಲಿ ಯಾವುದನ್ನು ನೋಡಿ ನಿಲ್ಲಿಸೆಂದರು ಎಂದು ಕೇಳು. ಅವರು ಏನೆಂದರು ಎಂಬುದನ್ನು ನನಗೂ ಬರೆ.

ಇತಿ ನಿನ್ನ ದೊಡ್ಡಪ್ಪ