ಮದ್ದೂರಿನಿಂದ ಕೆಂಗೇರಿವರೆಗೆ ಹೂಂಗುಟ್ಟಿದ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲೇ ಇಲ್ಲ. ಕಳೆದ ವಾರ ಮೈಸೂರಿನಿಂದ ಬೆಂಗಳೂರಿಗೆ ಹೊರಟ ಸಂಜೆಯ ರೈಲಿಗೆ ಮದ್ದೂರಿನಲ್ಲಿ ಹತ್ತಿ, ನನ್ನ ಎದುರು ಕುಳಿತಿರಿ. ಕೈಯಲ್ಲಿ ಬಿಸಿ ವಡೆಯ ಪೊಟ್ಟಣ.

ಅಮ್ಮ ಹೋಗಿ ಮೂರು ತಿಂಗಳಾಗಿತ್ತು. ಅವರ ಬಗ್ಗೆ ಬಾಯಿ ತೆರೆದರೆ ಸಾಕು, ಮನೆಯಲ್ಲಿ "ಆಯ್ತು ಬಿಡು, ಎಷ್ಟು ಸಲ ಹೇಳ್ತೀಯಾ" ಅನ್ನುತ್ತಿದ್ದರು. ಆಫೀಸಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ಅವರವರ ಮನೆಯ ಕಥೆ ಶುರು. ಇನ್ನು ಕೆಲವರು ಮೊಬೈಲ್ ನೋಡುತ್ತಲೇ ತಲೆ ಆಡಿಸುತ್ತಿದ್ದರು. ಅದೇ ಜಾಸ್ತಿ ನೋವು. ಯಾರೂ ಕೆಟ್ಟವರಲ್ಲ. ಆದರೆ ಅರ್ಧಕ್ಕೆ ನಿಂತ ಮಾತು ಗಂಟಲಲ್ಲೇ ಉಳಿದುಬಿಡುತ್ತದೆ, ಅಲ್ವಾ?

"ಯಾಕಮ್ಮಾ, ಮುಖ ಬಾಡಿದೆ?" ಅಂದಿರಿ ನೀವು. ನಿಮ್ಮ ಫೋನ್ ಎರಡು ಸಲ ಬಡಿದುಕೊಂಡಿತು. ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಿರಿ. ಚನ್ನಪಟ್ಟಣ ಹೋಯಿತು, ರಾಮನಗರದ ಬಂಡೆಗಳು ಕತ್ತಲಲ್ಲಿ ಕರಗಿದವು, ನಾನು ಹೇಳುತ್ತಲೇ ಇದ್ದೆ. ಕೊನೆಯ ದಿನ ಅಮ್ಮ ಹುಣಸೆ ಗೊಜ್ಜು ಕೇಳಿದ್ದು, "ನಾಳೆ ಮಾಡ್ತೀನಿ" ಅಂತ ನಾನು ಅಂದದ್ದು. ಅದನ್ನು ಅವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ನೀವು ಬುದ್ಧಿ ಹೇಳಲಿಲ್ಲ. ಅಜ್ಜಿಯ ಕಥೆಗೆ ಮಕ್ಕಳು ಹೂಂಗುಟ್ಟುವ ಹಾಗೆ ಹೂಂಗುಟ್ಟಿದಿರಿ. ನಾನು ತಡವರಿಸಿದಾಗ ಒಂದೇ ಮಾತು: "ಆಮೇಲೆ?" ಗೊಜ್ಜಿಗೆ ಅಮ್ಮ ಬೆಲ್ಲ ಹಾಕುತ್ತಿದ್ದರಾ ಅಂತಲೂ ಕೇಳಿದಿರಿ. ಆ ಪ್ರಶ್ನೆಗೇ ನನಗೆ ಅಳು ಬಂತು.

ಕೆಂಗೇರಿಯಲ್ಲಿ ಇಳಿಯುವಾಗ ಉಳಿದ ವಡೆಯನ್ನು ನನ್ನ ಕೈಗಿಟ್ಟು ಹೋದಿರಿ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಿನ್ನೆ ಗೊಜ್ಜು ಮಾಡಿದೆ ಅಕ್ಕಾ. ಬೆಲ್ಲ ಹಾಕಿಯೇ. ತುಂಬಾ ತುಂಬಾ ಥ್ಯಾಂಕ್ಸ್.