ಎಣ್ಣೆಯ ಗಿಂಡಿ

ಪ್ರೀತಿಯ ಗೆಳೆಯ,

ದೀಪಾವಳಿ ಮುಗಿದು ವಾರವಾಯಿತು. ಚತುರ್ದಶಿಯ ಬೆಳಗಿನ ಜಾವ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಅವಳು, ಚಿಕ್ಕಂದಿನಲ್ಲಿ ನಿನಗೆ ಯಾರು ಹಚ್ಚುತ್ತಿದ್ದರು ಎಂದು ಕೇಳಿದಳು. ಸಾಗರದ ಅಜ್ಜಿ ಎಂದೆ. ನಮ್ಮವರೆಲ್ಲ ಧಾರವಾಡ ಸೀಮೆಯವರೆಂದು ತಿಳಿದಿರುವ ಅವಳಿಗೆ ಸಾಗರದಲ್ಲೊಬ್ಬ ಅಜ್ಜಿ ಇದ್ದದ್ದು ಸೋಜಿಗವೆನಿಸಿತು. ಅವಳಿಗೆ ಹೇಳುತ್ತ ಹೋದಂತೆ, ಇದನ್ನು ನಿನಗೆ ಎಂದೂ ಹೇಳಿಲ್ಲವಲ್ಲ ಎನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನೀನು ಅಜ್ಜನ ತಮ್ಮನ ಮೊಮ್ಮಗ. ನಾನು ಅವರ ಹಿತ್ತಿಲ ಕಡೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ಮೇಷ್ಟರ ಮಗ. ಮಕ್ಕಳಿಲ್ಲದ ಆ ಇಬ್ಬರ ಮನೆಗೆ ದೀಪಾವಳಿಯ ದೊಡ್ಡಹಬ್ಬ ಬಂತೆಂದರೆ ಮೂವತ್ತು ನಲವತ್ತು ಜನ ಏಕೆ ಸೇರುತ್ತಿದ್ದರೆಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಏರಿದಾಗ ನಿಮ್ಮ ಮೂಲಮನೆ, ತೋಟ, ಗದ್ದೆ, ದೇವರ ಬನ ಎಲ್ಲವೂ ಮುಳುಗಡೆಯಾಗಿ, ದಾಯಾದಿಗಳಲ್ಲಿ ಕೆಲವರು ಭದ್ರಾವತಿಯ ಕಡೆಗೂ ಕೆಲವರು ಶಿವಮೊಗ್ಗದ ಆಚೆಯ ಕಾಡಂಚಿಗೂ ಚದುರಿಹೋದರು. ಹಬ್ಬಕ್ಕೆ ಹೋಗಲು ಊರೇ ಉಳಿಯದ ಅಷ್ಟು ಜನರಿಗೆ ಅಜ್ಜ ತಮ್ಮ ಸಣ್ಣ ಹೆಂಚಿನ ಮನೆಯನ್ನೇ ಮೂಲಮನೆಯಾಗಿ ಮಾಡಿಕೊಟ್ಟರು. ಅಂಥ ದೊಡ್ಡ ಕೆಲಸವನ್ನು ಮಾಡುತ್ತಿದ್ದೇನೆಂಬ ಭಾವ ಅವರ ಮಾತಿನಲ್ಲಿ ಒಮ್ಮೆಯೂ ಸುಳಿದದ್ದನ್ನು ನಾನು ಕಾಣೆ.

ಹಬ್ಬದ ಸ್ನಾನಕ್ಕೆ ನೀರು ತುಂಬುವ ಸಂಜೆ ಅಜ್ಜಿ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಜೇಡಿಯ ಗೆರೆ ಎಳೆದು, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತುತ್ತಿದ್ದರು. ಗೋಪೂಜೆಯ ಹಿಂದಿನ ರಾತ್ರಿ ಜಗಲಿಯಲ್ಲಿ ಮಕ್ಕಳೆಲ್ಲ ಸಾಲಾಗಿ ಕುಳಿತು ಅಡಿಕೆ, ಪಚ್ಚೆತೆನೆ, ಚಪ್ಪೆರೊಟ್ಟಿಗಳನ್ನು ಬಾಳೆನಾರಿಗೆ ಪೋಣಿಸುತ್ತಿದ್ದೆವು. ಮೊದಲ ವರ್ಷ ನಾನು ನಮ್ಮ ಕೋಣೆಯ ಹೊಸ್ತಿಲಲ್ಲೇ ನಿಂತು ನೋಡುತ್ತಿದ್ದೆ. ಅಜ್ಜಿ ತಲೆಯೆತ್ತದೆಯೇ, "ಕೆಂಪು ದನದ ಸರ ಯಾರೂ ಮಾಡಿಲ್ಲ, ಅದು ನಿಂದು" ಎಂದರು. ನಾನು ಬಂದು ಕುಳಿತೆ. ಮರುದಿನ ಊಟದ ಪಂಕ್ತಿಯಲ್ಲಿ ನನ್ನ ಎಲೆ ನಿನ್ನ ಎಲೆಯ ಪಕ್ಕದಲ್ಲೇ ಬಿದ್ದಿತ್ತು, ಮತ್ತು ಮುಂದಿನ ಏಳು ವರ್ಷವೂ ಅಲ್ಲೇ ಬಿತ್ತು.

ನನ್ನ ಎದೆಯಲ್ಲಿ ಇಂದಿಗೂ ಇರುವುದು ಪಾಡ್ಯದ ರಾತ್ರಿ. ಮನೆಮನೆಗೆ ಹಬ್ಬದ ದೀಪ ಒಯ್ಯುವ ಅಂಟಿಗೆ-ಪಿಂಟಿಗೆಯವರು ಆರದಂತೆ ಕಾಪಾಡಿಕೊಂಡು ತಂದ ಜ್ಯೋತಿಯನ್ನು ಹಿಡಿದು, ಕತ್ತಲಲ್ಲಿ ಹಾಡುತ್ತ ಅಂಗಳಕ್ಕೆ ಬಂದಾಗ ಅದಕ್ಕೆ ಎಣ್ಣೆ ಎರೆಯುವ ಕೆಲಸ ಮನೆಯ ಹುಡುಗರದಾಗಿತ್ತು. ಆ ವರ್ಷ ಸರದಿ ನಿನ್ನದು. ಅಜ್ಜ ಹಿತ್ತಾಳೆಯ ಗಿಂಡಿಯನ್ನು ನಿನ್ನ ಕೈಗಿಟ್ಟು, ನನ್ನ ಕೈಯನ್ನೂ ತಂದು ಅದರ ಹಿಡಿಗೆ ಸೇರಿಸಿದರು. ಹಾಡುವವರಲ್ಲೊಬ್ಬರು ಈತ ಯಾರ ಮಗ ಎಂದು ಕೇಳಿದರು. "ನಮ್ಮ ಮೊಮ್ಮಗನೇ" ಎಂದ ಅಜ್ಜ, ಬೇರೆ ವಿವರ ಕೊಡಲಿಲ್ಲ. ಗಿಂಡಿಯ ಮೂತಿಯಿಂದ ಎಣ್ಣೆ ಸಣ್ಣ ಎಳೆಯಾಗಿ ಇಳಿದು, ಬತ್ತಿ ಒಮ್ಮೆ ಚಟಪಟಿಸಿ ಎದ್ದು, ನಿನ್ನ ಮುಖ ಬೆಳಗಿದ್ದು ನೆನಪಿದೆ. ನಿನ್ನ ಪಾಲಿನ ಅರ್ಧ ನನಗೆ ಬಂದಿತ್ತು, ನೀನು ಮುನಿಸಿಕೊಳ್ಳಲಿಲ್ಲ. ಅದಕ್ಕಾಗಿ ನಿನಗೆ ಕೃತಜ್ಞತೆ ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಅಪ್ಪನಿಗೆ ವರ್ಗವಾಗಿ ನಾವು ಹೊರಟಾಗ ಅಜ್ಜಿ ಬಸ್ಸಿನವರೆಗೂ ಬಂದರು. ಅಜ್ಜ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಥಿಯೂ ಮುಗಿದ ಮೇಲೆ, ಅಜ್ಜಿಯದು ಇನ್ನೂ ತಡವಾಗಿ. ಇಬ್ಬರಿಗೂ ಒಂದು ಹಿಡಿ ಎಳ್ಳುನೀರು ಬಿಡಲಾಗದ ನೋವು ನನ್ನಲ್ಲಿ ಹಾಗೆಯೇ ಇದೆ.

ಆ ಗಿಂಡಿ ನಿನ್ನ ಮನೆಯಲ್ಲಿದೆಯೆಂದು ಕೇಳಿದೆ. ಬರುವ ದೊಡ್ಡಹಬ್ಬಕ್ಕೆ ಹೆಂಡತಿ, ಮಗಳೊಂದಿಗೆ ನಿನ್ನಲ್ಲಿಗೆ ಬರುತ್ತೇನೆ. ಮೂರು ಎಲೆ ಹೆಚ್ಚಿಗೆ ಕೊಯ್ದಿಡು, ಒಂದು ದನದ ಸರವನ್ನು ನನ್ನ ಮಗಳಿಗೆಂದು ಬಿಟ್ಟಿಡು.

ನಿನ್ನ,
ಹಿತ್ತಿಲ ಮನೆಯ ಗೆಳೆಯ